ಮೆಂಫಿಸ್ ಮಿನ್ನಿಯನ್ನು ನಾವು ಯಾಕೆ ಕೇಳುತ್ತಿಲ್ಲ?

ಆರನೇತಂತಿ

ನಮ್ಮಲ್ಲಿ ಬ್ಲೂಸ್ ಅನ್ನುವ ಅಮೆರಿಕದ ಕರಿಯರ ಸಂಗೀತದ ಮಾತು ಬಂದಾಗೆಲ್ಲ ಮೊದಲು ಬರುವ ಹೆಸರು ರಾಬರ್ಟ್ ಜಾನ್ಸನ್. ಆಮೇಲೆ ಮಡ್ಡಿ ವಾಟರ್ಸ್, ಬಿ.ಬಿ. ಕಿಂಗ್. ಹೆಂಗಸರ ಪೈಕಿ ಯಾರು ಅಂತ ಕೇಳಿದರೆ ಬೆಸ್ಸಿ ಸ್ಮಿತ್. ಅಲ್ಲಿಗೆ ಪಟ್ಟಿ ಮುಗಿದೇ ಹೋಗುತ್ತದೆ. ಗಿಟಾರ್ ಹಿಡಿದು ಹಾಡಿದ ಮೆಂಫಿಸ್ ಮಿನ್ನಿಯ ಹೆಸರು ಬಂದರೂ ಬ್ರಿಟನ್ನಿನ ರಾಕ್ ತಂಡ ಲೆಡ್ ಜೆಪ್ಲಿನ್‌ನ ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಹೆಸರಾಗಿಯೇ ಬರುತ್ತದೆ. ಇದು ನನಗೆ ಬಹಳ ಕಾಲದಿಂದ ಬೇಜಾರಿನ ವಿಷಯ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ರಾಬರ್ಟ್ ಜಾನ್ಸನ್ ರೆಕಾರ್ಡ್ ಮಾಡಿದ್ದು ಒಟ್ಟು 29 ಹಾಡು. ಮಿನ್ನಿ ಮಾಡಿದ್ದು ಸುಮಾರು 200. ಶುರುವಾಗಿದ್ದು 1929ರಲ್ಲಿ, ಮುಗಿದದ್ದು 1950ರ ದಶಕದಲ್ಲಿ. ಆಕೆ ಮೊದಲ ಸಲ ಸ್ಟುಡಿಯೋಗೆ ಕಾಲಿಟ್ಟ ಕೆಲವೇ ತಿಂಗಳಿಗೆ ಅಮೆರಿಕದ ಷೇರುಪೇಟೆ ಬಿತ್ತು. ರೆಕಾರ್ಡ್ ಕೊಳ್ಳಲು ಜನರ ಕೈಯಲ್ಲಿ ಕಾಸಿಲ್ಲ, ಕಂಪನಿಗಳು ಬಾಗಿಲು ಹಾಕಿಕೊಂಡವು, 20ರ ದಶಕದಲ್ಲಿ ಮೆರೆದ ಎಷ್ಟೋ ಬ್ಲೂಸ್ ಹಾಡುಗಾರರು ಮತ್ತೆ ಸ್ಟುಡಿಯೋ ಮುಖ ನೋಡಲಿಲ್ಲ. ಮಿನ್ನಿಯನ್ನು ಮಾತ್ರ ಕಂಪನಿಗಳು ಮತ್ತೆ ಮತ್ತೆ ಕರೆದವು. ಕೊಲಂಬಿಯಾ, ವೊಕಾಲಿಯನ್, ಡೆಕ್ಕಾ, ಬ್ಲೂಬರ್ಡ್, ಓಕೆ (Okeh) ಅನ್ನುವ ಕಂಪನಿಗಳು. ಹಾಡು ಮಾರಾಟವಾಗದಿದ್ದರೆ ಅಂಥ ಕಾಲದಲ್ಲಿ ಯಾರೂ ಹೀಗೆ ಕರೆಯುವುದಿಲ್ಲ.

ಹುಟ್ಟುಹೆಸರು ಲಿಜ್ಜಿ ಡಗ್ಲಸ್. 1897ರ ಜೂನ್ 3ರಂದು ಹುಟ್ಟಿದ್ದು. ಎಲ್ಲಿ ಅಂತ ಕೇಳಿದರೆ ನ್ಯೂ ಆರ್ಲಿಯನ್ಸ್ ಪಕ್ಕದ ಆಲ್ಜಿಯರ್ಸ್ ಅಂತ ಆಕೆಯೇ ಹೇಳುತ್ತಿದ್ದಳು. ಜನಗಣತಿ ದಾಖಲೆ ಕೆದಕಿದವರು ಮಿಸಿಸಿಪ್ಪಿ ರಾಜ್ಯದ ಕಡೆ ಬೆರಳು ತೋರಿಸುತ್ತಾರೆ. ಹದಿಮೂರು ಮಕ್ಕಳಲ್ಲಿ ಹಿರಿಯಳು. ಮನೆಯಲ್ಲಿ ಎಲ್ಲರೂ 'ಕಿಡ್' ಅಂತ ಕರೆಯುತ್ತಿದ್ದರು. ಏಳು ವರ್ಷದವಳಿದ್ದಾಗ ಮನೆಯವರು ಮೆಂಫಿಸ್‌ನ ದಕ್ಷಿಣಕ್ಕೆ ಇರುವ ವಾಲ್ಸ್ ಅನ್ನುವ ಪುಟ್ಟ ಊರಿಗೆ ಬಂದರು. ಮರುವರ್ಷ ಕ್ರಿಸ್‌ಮಸ್‌ಗೆ ಗಿಟಾರ್ ಸಿಕ್ಕಿತು. ಹೊಲದ ಕೆಲಸ ಅವಳಿಗೆ ಹಿಡಿಸಲೇ ಇಲ್ಲ. ಹದಿಮೂರಕ್ಕೇ ಮನೆ ಬಿಟ್ಟು ಮೆಂಫಿಸ್‌ನ ಬೀಲ್ ಸ್ಟ್ರೀಟ್‌ಗೆ ಓಡಿದಳು. ಆಗ ಆ ಬೀದಿಯಲ್ಲಿ ಕರಿಯರ ಅಂಗಡಿ, ನಾಟಕಶಾಲೆ, ಜೂಜಿನ ಅಡ್ಡೆ, ಬೀದಿ ಹಾಡುಗಾರರು ಎಲ್ಲಾ ಒಟ್ಟಿಗೇ ಇದ್ದರು. ಹುಡುಗಿ ಅಲ್ಲಿ ಗಿಟಾರ್ ಬಾರಿಸಿ ಹೊಟ್ಟೆ ಹೊರೆದಳು. ಕೈ ಖಾಲಿಯಾದಾಗ ಊರಿಗೆ ಹೋಗುವುದು, ಮತ್ತೆ ಓಡಿ ಬರುವುದು. 1916ರಿಂದ ಕೆಲವು ವರ್ಷ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಜೊತೆ ದಕ್ಷಿಣದ ಊರೂರು ತಿರುಗಿದಳು.

ಇಷ್ಟಾದಾಗಲೂ ಒಂದೇ ಒಂದು ರೆಕಾರ್ಡ್ ಇಲ್ಲ! ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಮೊದಲ ಸಲ ಮೈಕಿನ ಮುಂದೆ ಕೂತಾಗ ಆಕೆಗೆ 32 ವರ್ಷ. ಬೀದಿ, ಸರ್ಕಸ್, ಹೆಂಡದಂಗಡಿ, ಹಳ್ಳಿ ಪಾರ್ಟಿ, ಎಲ್ಲಾ ಕಡೆ ಬಾರಿಸಿ ಬಾರಿಸಿ ಕೈ ಪಳಗಿತ್ತು. ಅದಕ್ಕೇ ಮೊದಲ ರೆಕಾರ್ಡಿನಲ್ಲೇ ಎಲ್ಲೂ ತಡವರಿಸುವುದಿಲ್ಲ.

ನನ್ನ ವಾದ ಇಷ್ಟೇ. ಮಿನ್ನಿಯನ್ನು ಗಾಯಕಿ ಅಂತ ಮಾತ್ರ ನೋಡಬೇಡಿ. ಮಾ ರೇನಿ, ಬೆಸ್ಸಿ ಸ್ಮಿತ್ ದೊಡ್ಡ ಗಾಯಕಿಯರು, ಎರಡು ಮಾತಿಲ್ಲ. ಆದರೆ ಅವರ ಹಿಂದೆ ಪಿಯಾನೋ ನುಡಿಸುವವರು, ಕಾರ್ನೆಟ್ ಊದುವವರು ಇರುತ್ತಿದ್ದರು. ಮಿನ್ನಿ ತಾನೇ ಗಿಟಾರ್ ಹಿಡಿದಳು, ತನ್ನ ಹಾಡು ತಾನೇ ಕಟ್ಟಿದಳು. ಆ ಕಾಲದ ಗಿಟಾರ್ ವಾದಕರ ಸಾಲಿನಲ್ಲೇ, ಮೊದಲ ಸಾಲಿನಲ್ಲೇ ಇಟ್ಟು ಕೇಳಬೇಕು ಅವಳನ್ನು. ನೀವೆಲ್ಲ ಏನಂತೀರಿ?

ಸಂಜೆಮಳೆ

ನಾನು ನೀವು ಹೇಳಿದ ಆ ಸಣ್ಣ ಅಕ್ಷರದ ದಾರಿಯಿಂದಲೇ ಬಂದವಳು. ಜೆಪ್ಲಿನ್ 1971ರಲ್ಲಿ ತಂದ ನಾಲ್ಕನೇ ಆಲ್ಬಮ್ಮಿನ ಕೊನೆಯ ಹಾಡು 'ವೆನ್ ದ ಲೆವೀ ಬ್ರೇಕ್ಸ್', ಅಂದರೆ ನದಿಯ ಒಡ್ಡು ಒಡೆದಾಗ. ಹೆಡ್ಲಿ ಗ್ರೇಂಜ್ ಅನ್ನುವ ಹಳೇ ಮನೆಯ ಮೆಟ್ಟಿಲ ಬುಡದಲ್ಲಿ ಡ್ರಮ್ ಇಟ್ಟು, ಮೇಲೆ ಮೈಕು ತೂಗುಬಿಟ್ಟು ರೆಕಾರ್ಡ್ ಮಾಡಿದ್ದಂತೆ. ಆ ಡ್ರಮ್ ಸದ್ದಿಗೇ ಜನ ಮರುಳಾಗಿದ್ದಾರೆ. ಆಮೇಲೆ ಮೂಲ ಹಾಡು ಹುಡುಕಿ ಹಾಕಿಕೊಂಡೆ. ಎರಡು ಗಿಟಾರ್, ಒಂದು ಗಂಡು ದನಿ, ಅಷ್ಟೇ. ಮಿನ್ನಿ ಹಾಡೇ ಇಲ್ಲವಲ್ಲ ಅದರಲ್ಲಿ? ಹಾಗಾದರೆ ಅವಳದ್ದು ಅಂತ ಯಾಕೆ ಹೇಳುತ್ತಾರೆ? ನಿಜಕ್ಕೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಆರನೇತಂತಿ

ಒಳ್ಳೇ ಪ್ರಶ್ನೆ. ಹಾಡಿರುವುದು ಜೋ ಮೆಕಾಯ್, ಆಗ ಮಿನ್ನಿಯ ಗಂಡ. ಇಬ್ಬರೂ ಒಂದು ಕ್ಷೌರದಂಗಡಿ ಮುಂದೆ ಚಿಲ್ಲರೆ ಕಾಸಿಗೆ ಬಾರಿಸುತ್ತಿದ್ದಾಗ ಕೊಲಂಬಿಯಾ ಕಂಪನಿಯವನೊಬ್ಬ ಕೇಳಿಸಿಕೊಂಡ. 1929ರ ಜೂನ್‌ನಲ್ಲಿ ನ್ಯೂಯಾರ್ಕ್‌ಗೆ ಕರೆಸಿಕೊಂಡರು. 'ಕನ್ಸಾಸ್ ಜೋ', 'ಮೆಂಫಿಸ್ ಮಿನ್ನಿ' ಅನ್ನುವ ಹೆಸರು ಕೊಟ್ಟದ್ದೂ ಕಂಪನಿಯೇ. ಈ ಹಾಡು ಆಗಿನದು.

1927ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಗ್ರೀನ್‌ವಿಲ್ ಹತ್ತಿರ ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ಒಡ್ಡು ಕಿತ್ತುಹೋಯಿತು. ಆ ವರ್ಷದ ನೆರೆಯಲ್ಲಿ ಮನೆ ಕಳೆದುಕೊಂಡವರು ಆರು ಲಕ್ಷಕ್ಕೂ ಜಾಸ್ತಿ. ಗ್ರೀನ್‌ವಿಲ್‌ನಲ್ಲಿ ಕರಿಯ ಕೂಲಿಗಳನ್ನು ಒಡ್ಡಿನ ಮೇಲೆಯೇ ಶಿಬಿರ ಹಾಕಿ ಇರಿಸಿದರು. ಬಂದೂಕು ಹಿಡಿದ ಕಾವಲು, ಬಿಟ್ಟು ಹೋಗುವ ಹಾಗಿಲ್ಲ, ಮರಳಿನ ಚೀಲ ಹೊರಬೇಕು, ಪರಿಹಾರದ ಸಾಮಾನು ಇಳಿಸಬೇಕು. ಹಾಡಿನಲ್ಲಿ ಹಗಲೂ ರಾತ್ರಿ ಒಡ್ಡಿನ ಮೇಲೆ ದುಡಿಯುವ ಮಾತು ಬರುತ್ತದಲ್ಲ, ಅದು ಸುಮ್ನೆ ಬಂದದ್ದಲ್ಲ. ಕೇಳಿದವರಿಗೆಲ್ಲ ಅದು ಎರಡು ವರ್ಷದ ಹಿಂದಿನ ಸಂಗತಿ.

ಇನ್ನು ಅವಳದ್ದು ಯಾಕೆ ಅಂದರೆ, ಗಿಟಾರ್ ಕೇಳಿ. ಜೋ ಮಾಮೂಲಿ ಶ್ರುತಿಯಲ್ಲಿ ಗೀರಿಕೊಂಡು ತಾಳ ಹಿಡಿಯುತ್ತಾನೆ. ಮಿನ್ನಿ ಓಪನ್ ಜಿ ಶ್ರುತಿಯಲ್ಲಿ (ಒತ್ತದೆ ಮೀಟಿದರೂ ತಂತಿಗಳೆಲ್ಲ ಸೇರಿ ಜಿ ಸ್ವರಮೇಳವಾಗುವ ಶ್ರುತಿ) ಬೆರಳಿನಿಂದ ಒಂದೊಂದೇ ತಂತಿ ಮೀಟುತ್ತಾಳೆ. ಕಿವಿಗೆ ಹೆಡ್‌ಫೋನ್ ಹಾಕಿ ಜೋನ ದನಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅವನು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳ ಮೇಲಿನ ತಂತಿಗಳು ಓಡಿ ಬಂದು ಜಾಗ ತುಂಬುತ್ತವೆ. ಮುಂದಿನ ಸಾಲು ಶುರುವಾಗುವ ಮೊದಲೇ ಕೆಳಗಿಳಿದು ದಾರಿ ಬಿಡುತ್ತವೆ. ಮುಂದಿನ ಸಲ ಅದೇ ಜಾಗದಲ್ಲಿ ಸಣ್ಣ ಬದಲಾವಣೆ ಇರುತ್ತದೆ. ನೆರೆಯ ಹಾಡು, ಆದರೆ ಗಿಟಾರ್ ಕುಣಿಯುತ್ತಾ ಇದೆ. ಆ ಚುರುಕು ಪೂರ್ತಿ ಮಿನ್ನಿಯದೇ.

ಹಳೆತಟ್ಟೆ

ಮಿನ್ನಿ ಬಗ್ಗೆ ಮಾತಾಡುವಾಗ ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿಗ್ ಬಿಲ್ ಬ್ರೂನ್ಜಿ ಜೊತೆಗಿನ ಸ್ಪರ್ಧೆಯ ಕಥೆ ಬಿಟ್ಟರೆ ಹೇಗೆ? 1933ರಲ್ಲಿ ಷಿಕಾಗೋದ ಒಂದು ಕ್ಲಬ್ಬಿನಲ್ಲಿ ನಡೆದದ್ದು ಅಂತ ಬ್ರೂನ್ಜಿಯೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಗೆದ್ದವರಿಗೆ ಒಂದು ಬಾಟಲಿ ವಿಸ್ಕಿ, ಒಂದು ಬಾಟಲಿ ಜಿನ್. ಊರೆಲ್ಲ ನೆರೆದಿತ್ತು. ಬ್ರೂನ್ಜಿ ಆಗ ಷಿಕಾಗೋದಲ್ಲಿ ದೊಡ್ಡ ಹೆಸರು. ಮಿನ್ನಿ ಮೊದಲ ಹಾಡು ಹಾಡುತ್ತಿದ್ದ ಹಾಗೇ ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲವಂತೆ. ಕೊನೆಗೆ ತೀರ್ಪುಗಾರರು ಅವಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು, ಅಷ್ಟರಲ್ಲಿ ಬ್ರೂನ್ಜಿ ವಿಸ್ಕಿ ಬಾಟಲಿ ಎತ್ತಿಕೊಂಡು ಓಡಿಹೋದ.

ಆದರೆ ಇದನ್ನು ಕೋರ್ಟಿನ ದಾಖಲೆ ತರಹ ಓದಬೇಡಿ. ಆ ರಾತ್ರಿ ಹಾಡಿದ್ದು ಅಂತ ಬ್ರೂನ್ಜಿ ಹೆಸರಿಸುವ ಹಾಡುಗಳಲ್ಲಿ ಮಿನ್ನಿಯ 'ಮಿ ಅಂಡ್ ಮೈ ಶೋಫರ್ ಬ್ಲೂಸ್' ಇದೆ. ಅದು ರೆಕಾರ್ಡ್ ಆದದ್ದು 1941ರಲ್ಲಿ. ಅವನದೇ 'ಜಸ್ಟ್ ಎ ಡ್ರೀಮ್' ಆದದ್ದು 1939ರಲ್ಲಿ. ವರ್ಷವೋ, ಹಾಡೋ, ಎರಡರಲ್ಲಿ ಒಂದು ಕಲಸಿಹೋಗಿದೆ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಬೇರೆ. ತಾನು ಸೋತ ಕಥೆಯನ್ನು ಅಷ್ಟು ಖುಷಿಯಿಂದ ಬರೆದು ಅಚ್ಚು ಹಾಕಿಸಿದನಲ್ಲ, ಓರಗೆಯ ಕಲಾವಿದರಲ್ಲಿ ಅವಳ ಮೇಲೆ ಎಂಥಾ ಗೌರವ ಇತ್ತು ಅಂತ ಗೊತ್ತಾಗುತ್ತದೆ.

ಕೆಂಪುದಾರಿ

ಗೌರವ ಇತ್ತು, ಸರಿ. ಆದರೆ ಆ ಗೌರವವನ್ನು ಹೇಳುವ ರೀತಿ ನೋಡಿ. ಗಂಡಸಿನಷ್ಟೇ ಚೆನ್ನಾಗಿ ಬಾರಿಸುತ್ತಾಳೆ, ಗಂಡಸಿನ ಹಾಗೆ ಹಾಡುತ್ತಾಳೆ. ಬ್ರೂನ್ಜಿಯಿಂದ ಹಿಡಿದು ಇವತ್ತು ಸಿ.ಡಿ. ಹಿಂದೆ ಟಿಪ್ಪಣಿ ಬರೆಯುವವರ ತನಕ ಇದೇ ಮಾತು. ಇದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ. ಅವಳ ಕೈ ಯಾರ ಹಾಗೆಯೂ ಇಲ್ಲ. ಅವಳ ಹಾಡಿನ ವಿಷಯಗಳೂ ಹಾಗೇ. ಮೈಗೆ ಹುಷಾರಿಲ್ಲದ್ದು, ಚಳಿಯಲ್ಲಿ ರಸ್ತೆ ಮೇಲೆ ಅಲೆಯುವುದು, ಹರೆಯದಲ್ಲಿ ಮನೆಯವರ ಕಣ್ಣು ತಪ್ಪಿಸಿ ಹೊರಟುಬಿಟ್ಟದ್ದು, ಕುದುರೆ ಕಳೆದುಕೊಂಡದ್ದು. 'ಇನ್ ಮೈ ಗರ್ಲಿಶ್ ಡೇಸ್' ಕೇಳಿ. ಹುಡುಗಿಯೊಬ್ಬಳು ತನ್ನ ಹಳೇ ತುಂಟತನವನ್ನು ಒಂದು ಚೂರೂ ನಾಚಿಕೆಯಿಲ್ಲದೆ, ಪಶ್ಚಾತ್ತಾಪವೂ ಇಲ್ಲದೆ ನೆನೆಸಿಕೊಳ್ಳುತ್ತಾಳೆ. 1941ರಲ್ಲಿ ಅದನ್ನು ಹಾಡಿ ಮಾರಾಟಕ್ಕಿಟ್ಟವಳು ಅವಳು.

ಇನ್ನೊಂದು ಹಾಡು ಯಾರೂ ಹೇಳುವುದಿಲ್ಲ. ಸಿಲ್ವೆಸ್ಟರ್ ಹ್ಯಾರಿಸ್ ಅಂತ ಮಿಸಿಸಿಪ್ಪಿಯ ಕರಿಯ ರೈತ. ಸಾಲಕ್ಕೆ ಹೊಲ ಹೋಗುವ ಹಾಗಾದಾಗ 1934ರಲ್ಲಿ ನೇರ ವೈಟ್‌ಹೌಸ್‌ಗೆ ಫೋನ್ ಮಾಡಿ ಅಧ್ಯಕ್ಷ ರೂಸ್‌ವೆಲ್ಟ್ ಜೊತೆ ಮಾತಾಡಿದ. ಹೊಲ ಉಳಿಯಿತು. ಪತ್ರಿಕೆಗಳಲ್ಲೆಲ್ಲ ಸುದ್ದಿ. ಮರುವರ್ಷವೇ ಮಿನ್ನಿ 'ಸಿಲ್ವೆಸ್ಟರ್ ಅಂಡ್ ಹಿಸ್ ಮ್ಯೂಲ್ ಬ್ಲೂಸ್' ರೆಕಾರ್ಡ್ ಮಾಡಿದಳು. ಬಾಕ್ಸರ್ ಜೋ ಲೂಯಿಸ್ ಮೇಲೂ ಅದೇ ವರ್ಷ ಹಾಡಿದಳು. ತನ್ನ ಜನ ಬೀದಿಯಲ್ಲಿ ಏನು ಮಾತಾಡುತ್ತಿದ್ದಾರೆ ಅನ್ನುವುದು ಅವಳ ಕಿವಿಗೆ ಬೀಳುತ್ತಲೇ ಇತ್ತು.

ಒಂಟಿಗುಡ್ಡ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 200 ಹಾಡು ಅನ್ನುವುದೇ ದೊಡ್ಡಸ್ತಿಕೆ ಅಲ್ಲ. 'ಬಂಬಲ್ ಬೀ' ಅನ್ನುವ ಹಾಡು ಗೆದ್ದ ಮೇಲೆ ಅದನ್ನೇ ಹಿಂದೆ ಮುಂದೆ ಮಾಡಿ ಎಷ್ಟು ಸಲ ರೆಕಾರ್ಡ್ ಮಾಡಿದಳು? ಹೆಸರಿಗೆ 'ನ್ಯೂ ಬಂಬಲ್ ಬೀ', 'ಬಂಬಲ್ ಬೀ ನಂಬರ್ 2', ಆದರೆ ಸರಕು ಅದೇ. 30ರ ದಶಕದ ಮಧ್ಯದಲ್ಲಿ ಷಿಕಾಗೋದಲ್ಲಿ ಲೆಸ್ಟರ್ ಮೆಲ್ರೋಸ್ ತರಹದ ನಿರ್ಮಾಪಕರ ಕೈಗೆ ಸಿಕ್ಕ ಮೇಲೆ ಹಿಂದೆ ಪಿಯಾನೋ, ಬಾಸ್ ಬಂದವು, ಎಲ್ಲರ ರೆಕಾರ್ಡೂ ಒಂದೇ ತರಹ ಕೇಳಿಸತೊಡಗಿದವು. ಅವಳ ಗಿಟಾರ್ ಎಷ್ಟೋ ಕಡೆ ಪಿಯಾನೋ ಕೆಳಗೆ ಮುಚ್ಚಿಹೋಗಿದೆ. ನನಗೆ 1929ರಿಂದ 34ರವರೆಗಿನ ಮಿನ್ನಿ ಸಾಕು. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ 1931ರಲ್ಲಿ ಮಾಡಿದ ಕೈಬೆರಳೆಣಿಕೆಯ ಹಾಡುಗಳಲ್ಲಿ ಇರುವ ಆಳ ಇವಳ ನೂರು ಹಾಡಿನಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಆರನೇತಂತಿ

ಪಿಯಾನೋ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. 1935–38ರ ಕೆಲವು ರೆಕಾರ್ಡು ನನಗೂ ಸಪ್ಪೆ. ಆದರೂ 1936ರ 'ಹೂಡೂ ಲೇಡಿ' ಅದೇ ಕಾಲದ್ದು, ಅದನ್ನು ಸಪ್ಪೆ ಅನ್ನೋಕೆ ಆಗಲ್ಲ.

ಆದರೆ ಸ್ಕಿಪ್ ಜೇಮ್ಸ್ ಹೋಲಿಕೆ ಇದೆಯಲ್ಲ, ಅಲ್ಲೇ ನನ್ನ ತಕರಾರು. ಬ್ಲೂಸ್ ಅಂದರೆ ಒಬ್ಬ ಒಂಟಿ ಗಂಡಸು, ಬಡತನ, ಕತ್ತಲು, ಬೆರಳೆಣಿಕೆಯ ರೆಕಾರ್ಡು, ಆಮೇಲೆ ಕಾಣೆಯಾಗುವುದು. ಈ ಚಿತ್ರವನ್ನು ನಮ್ಮ ತಲೆಗೆ ತುಂಬಿದ್ದು 1960ರ ದಶಕದಲ್ಲಿ ಹಳೇ ರೆಕಾರ್ಡು ಕೂಡಿಡುತ್ತಿದ್ದ ಸಂಗ್ರಾಹಕರು. ಅವರು ಹುಡುಕಿಕೊಂಡು ಹೋದದ್ದು ಅಂಥವರನ್ನೇ. ಸ್ಕಿಪ್ ಜೇಮ್ಸ್, ಮಿಸಿಸಿಪ್ಪಿ ಜಾನ್ ಹರ್ಟ್, ಸನ್ ಹೌಸ್ ಮತ್ತೆ ಸಿಕ್ಕರು, ಕಾಲೇಜು ಹುಡುಗರ ಮುಂದೆ, ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಹಾಡಿದರು. ಒಳ್ಳೆಯದೇ ಆಯಿತು. ಆದರೆ ಮಿನ್ನಿ ಕಾಣೆಯಾಗಿರಲೇ ಇಲ್ಲ. ಅವಳು ಪಟ್ಟಣಕ್ಕೆ ಬಂದಳು, ಕೆಲಸ ಮಾಡಿದಳು, ಒಳ್ಳೇ ಬಟ್ಟೆ ಹಾಕಿದಳು, ಬೆಳ್ಳಿ ನಾಣ್ಯದ ಕಡಗ ತೊಟ್ಟಳು, ಹೊಸ ಗಿಟಾರ್ ಬಂದ ಹಾಗೆಲ್ಲ ಕೊಂಡಳು. ನ್ಯಾಷನಲ್ ಕಂಪನಿಯ ಲೋಹದ ಗಿಟಾರ್ ಮೊದಮೊದಲು ಹಿಡಿದವರಲ್ಲಿ ಅವಳೂ ಒಬ್ಬಳು. 1940ರ ದಶಕದ ಶುರುವಿಗೇ ಎಲೆಕ್ಟ್ರಿಕ್‌ಗೆ ಬಂದಿದ್ದಳು. ಮಡ್ಡಿ ವಾಟರ್ಸ್ ಇನ್ನೂ ಮಿಸಿಸಿಪ್ಪಿಯ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಕಾಲ ಅದು. ದುಡಿದು ಗೆದ್ದವಳಲ್ಲಿ ಸಂಗ್ರಾಹಕರಿಗೆ ಬೇಕಾದ ನಿಗೂಢತೆ ಇರಲಿಲ್ಲ. ಅದು ಅವಳ ಕೊರತೆ ಅಲ್ಲ.

'ಬಂಬಲ್ ಬೀ' ಮತ್ತೆ ಮತ್ತೆ ಮಾಡಿದ್ದು ಹೌದು. ಕಂಪನಿ ಕೇಳಿತು, ಮಾಡಿದಳು. ಆ ಕಾಲದ ಎಲ್ಲರೂ ಮಾಡಿದ್ದು ಅದನ್ನೇ.

ಹಳೆತಟ್ಟೆ

ಎಲೆಕ್ಟ್ರಿಕ್ ವಿಷಯ ಬಂತಲ್ಲ, ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದೆ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1942ರ ಡಿಸೆಂಬರ್ 31ರ ರಾತ್ರಿ ಷಿಕಾಗೋದ '230 ಕ್ಲಬ್' ಅನ್ನುವ ಕ್ಲಬ್ಬಿನಲ್ಲಿದ್ದ. 'ಷಿಕಾಗೋ ಡಿಫೆಂಡರ್' ಪತ್ರಿಕೆಯ ಅಂಕಣದಲ್ಲಿ ಜನವರಿಯಲ್ಲಿ ಬರೆದ. ಮಿನ್ನಿ ಐಸ್‌ಬಾಕ್ಸಿನ ಮೇಲೆ ಕೂತು ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದಾಳೆ. ಕಣ್ಣಿಗೆ ಕನ್ನಡಕ, ನೋಡಿದರೆ ದಕ್ಷಿಣದ ಯಾವುದೋ ಶಾಲೆಯ ಅಚ್ಚುಕಟ್ಟಾದ ಮೇಡಂ ಅನಿಸಬೇಕು. ಸದ್ದು ಮಾತ್ರ ವೆಲ್ಡಿಂಗ್ ಯಂತ್ರವೂ ಉಕ್ಕಿನ ಗಿರಣಿಯೂ ಒಟ್ಟಿಗೇ ಸೇರಿದ ಹಾಗೆ ಅಂತ ಬರೆಯುತ್ತಾನೆ. ಕೇಳುವವರಿಗೆ ಮಿಸಿಸಿಪ್ಪಿಯ ಬಿಸಿಲು, ಧೂಳು, ಹತ್ತಿ ಹೊಲ ಎಲ್ಲಾ ನೆನಪಾಗುತ್ತದೆ. ಕೌಂಟರಿನ ಹಿಂದೆ ನಿಂತ ಮಾಲೀಕರು ಕರಿಯರಲ್ಲ. ಅವರು ನಗುವುದಿಲ್ಲ, ಕಾಲು ಕುಣಿಸುವುದಿಲ್ಲ, ಗಲ್ಲಾಪೆಟ್ಟಿಗೆ ಒತ್ತುತ್ತಾ ನಿಂತಿರುತ್ತಾರೆ. ಆ ಒಂದು ಪ್ಯಾರಾದಲ್ಲಿ ಇಡೀ ಸಂಗೀತ ವ್ಯಾಪಾರ ಕಾಣುತ್ತದೆ.

ಹೊಟ್ಟೆ ಉರಿಯುವ ವಿಷಯ ಏನು ಅಂದರೆ ಆ ರಾತ್ರಿಯ ಸದ್ದು ಯಾವ ರೆಕಾರ್ಡಿನಲ್ಲೂ ಇಲ್ಲ. 1942ರ ಆಗಸ್ಟ್‌ನಿಂದ ಸಂಗೀತಗಾರರ ಒಕ್ಕೂಟ ರೆಕಾರ್ಡಿಂಗ್ ಮುಷ್ಕರ ಹೂಡಿತ್ತು. ಅದಕ್ಕೂ ಮೊದಲೇ ಇನ್ನೊಂದು ಅಡ್ಡಿ ಬಂದಿತ್ತು, ಅದರ ಬೇರು ನಮ್ಮ ದೇಶದಲ್ಲಿದೆ. ಆಗಿನ, ನಿಮಿಷಕ್ಕೆ 78 ಸುತ್ತು ತಿರುಗುವ ರೆಕಾರ್ಡ್ ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ. ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ, ಛೋಟಾನಾಗಪುರದ ಕಡೆ ಮುತ್ತುಗ, ಕುಸುಮ ಮರದ ಕೊಂಬೆಗೆ ಕೂರುವ ಸಣ್ಣ ಹುಳ ಬಿಡುವ ಅಂಟು ಅದು. ಯುದ್ಧ ಬಂದು ಹಡಗು ದಾರಿ ಕೆಟ್ಟಿತು, ಇದ್ದ ಅರಗೂ ಸೇನೆಗೆ ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗನ್ನು ಭಾರೀ ಪ್ರಮಾಣದಲ್ಲಿ ಕಡಿತ ಮಾಡಿತು. ಇರುವ ಸ್ವಲ್ಪ ಅರಗನ್ನು ಕಂಪನಿಗಳು ಹೆಚ್ಚು ಮಾರುವ ಬಿಳಿಯ ಬ್ಯಾಂಡುಗಳಿಗೆ ಇಟ್ಟುಕೊಂಡವು. ಬ್ಲೂಸ್‌ಗೆ ಉಳಿದದ್ದು ಕಮ್ಮಿ. ಮಿನ್ನಿ 1941ರ ಡಿಸೆಂಬರ್ ಆದ ಮೇಲೆ ಮತ್ತೆ ಸ್ಟುಡಿಯೋಗೆ ಹೋದದ್ದು 1944ರ ಡಿಸೆಂಬರ್‌ನಲ್ಲಿ. ಮೂರು ವರ್ಷ, ಅದೂ ಅವಳ ಕೈ ಅತಿ ಜೋರಾಗಿದ್ದ ಮೂರು ವರ್ಷ.

ಸಂಜೆಮಳೆ

ಅರಗಿನ ಕಥೆ ಕೇಳಿ ಮೈ ಜುಂ ಅಂತು. ನಮ್ಮ ಕಾಡಿನ ಹುಳದ ಅಂಟಿನ ಮೇಲೆ ಮಿನ್ನಿಯ ದನಿ ಕೂತಿತ್ತು ಅಂತಾಯಿತು. ಕೊನೆಗೆ ಏನಾಯಿತು ಅವಳಿಗೆ? ಜೆಪ್ಲಿನ್ ಹಾಡು ಬಂದಾಗ ಬದುಕಿದ್ದಳಾ?

ಕೆಂಪುದಾರಿ

ಬದುಕಿದ್ದಳು. ಆದರೆ ಹಾಸಿಗೆ ಹಿಡಿದಿದ್ದಳು. ಜೋ ಮೆಕಾಯ್ ಜೊತೆಗಿನ ಸಂಬಂಧ 30ರ ದಶಕದ ಮಧ್ಯದಲ್ಲೇ ಮುರಿದಿತ್ತು. 1939ರ ಹೊತ್ತಿಗೆ ಅರ್ನೆಸ್ಟ್ ಲಾಲರ್ಸ್ ಜೊತೆಯಾದ, ವೇದಿಕೆ ಹೆಸರು ಲಿಟಲ್ ಸನ್ ಜೋ. ಅವನೂ ಗಿಟಾರ್ ವಾದಕ. 50ರ ದಶಕದಲ್ಲಿ ಕೇಳುವವರ ರುಚಿ ಬದಲಾಯಿತು, ಇಬ್ಬರ ಆರೋಗ್ಯವೂ ಕೆಟ್ಟಿತು, ಷಿಕಾಗೋ ಬಿಟ್ಟು ಮೆಂಫಿಸ್‌ಗೆ ವಾಪಸ್ ಬಂದರು. 1960ರಲ್ಲಿ ಮಿನ್ನಿಗೆ ಲಕ್ವ ಹೊಡೆದು ಗಾಲಿಕುರ್ಚಿ ಬಂತು. ಮರುವರ್ಷ ಸನ್ ಜೋ ತೀರಿಕೊಂಡ, ಅವಳಿಗೆ ಮತ್ತೊಮ್ಮೆ ಲಕ್ವ. ಅಂದರೆ ನ್ಯೂಪೋರ್ಟ್‌ನಲ್ಲಿ ಹಳೇ ಬ್ಲೂಸ್‌ನವರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಬೆರಳಿಗೆ ತಂತಿ ಒತ್ತುವ ಶಕ್ತಿ ಇರಲಿಲ್ಲ. ಅವಳು ಮರೆಯಾಗಲು ಇದೂ ಒಂದು ದೊಡ್ಡ ಕಾರಣ. ಸರ್ಕಾರದ ಪಿಂಚಣಿ ಸಾಕಾಗುತ್ತಿರಲಿಲ್ಲ. ಬ್ಲೂಸ್ ಪತ್ರಿಕೆಗಳು ಅವಳ ಕಷ್ಟ ಬರೆದಾಗ ಓದುಗರು ಕೈಲಾದಷ್ಟು ಕಳಿಸಿದರು. ತಂಗಿ ಡೇಸಿ ನೋಡಿಕೊಂಡಳು, ಆಮೇಲೆ ನರ್ಸಿಂಗ್ ಹೋಮ್. 1973ರ ಆಗಸ್ಟ್ 6ರಂದು ಮೆಂಫಿಸ್‌ನಲ್ಲಿ ಹೋಗಿಬಿಟ್ಟಳು.

ಮಣ್ಣು ಮಾಡಿದ್ದು ವಾಲ್ಸ್‌ನಲ್ಲಿ, ನ್ಯೂ ಹೋಪ್ ಚರ್ಚಿನ ಸ್ಮಶಾನದಲ್ಲಿ. 23 ವರ್ಷ ಗೋರಿಗೆ ಕಲ್ಲೂ ಇರಲಿಲ್ಲ. 1996ರ ಅಕ್ಟೋಬರ್‌ನಲ್ಲಿ ಗಾಯಕಿ ಬಾನಿ ರೈಟ್ ದುಡ್ಡು ಕೊಟ್ಟು ಕಲ್ಲು ಹಾಕಿಸಿದಳು. ಗಿಟಾರ್ ಹಿಡಿದು ಬ್ಲೂಸ್ ಹಾಡುವ ಇನ್ನೊಬ್ಬಳು ಹೆಂಗಸೇ ಆ ಕೆಲಸ ಮಾಡಿದಳು.

ಒಂಟಿಗುಡ್ಡ

ಇಷ್ಟೆಲ್ಲ ಓದಿದ ಮೇಲೂ ನನಗೆ ಸ್ಕಿಪ್ ಜೇಮ್ಸ್ ಮೇಲೇ ಪ್ರೀತಿ ಜಾಸ್ತಿ, ಅದು ಇರಲಿ. 40ರ ದಶಕದ ಮಿನ್ನಿಯನ್ನು ನಾನು ಸರಿಯಾಗಿ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ, ಹೇಳಿ.

ಆರನೇತಂತಿ

'ನಥಿಂಗ್ ಇನ್ ರಾಂಬ್ಲಿಂಗ್' ಮೊದಲು ಕೇಳಿ, 1940ರದ್ದು. ನಿಮಗೆ ಪಿಯಾನೋ ಆಗಲ್ಲ ಅಂದಿರಿ, ಇದರಲ್ಲಿ ಗಿಟಾರ್ ಎದುರಿಗೇ ಇದೆ. ಜೀವಮಾನವೆಲ್ಲ ಊರೂರು ಅಲೆದವಳು, ಅಲೆದಾಟದಲ್ಲಿ ಏನೂ ಇಲ್ಲ ಅಂತ ಹಾಡುತ್ತಾಳೆ. ಆಮೇಲೆ ಅದೇ ವರ್ಷದ 'ಮಾ ರೇನಿ'. ಮಾ ರೇನಿ 1939ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದಳು, ಹೊಸ ತಲೆಮಾರಿನವಳು ಹಿರಿಯಳಿಗೆ ಸಲ್ಲಿಸಿದ ಗೌರವ ಅದು.

ಅದಾದ ಮೇಲೆ 1941ರ ಮೇ ತಿಂಗಳ 'ಮಿ ಅಂಡ್ ಮೈ ಶೋಫರ್ ಬ್ಲೂಸ್'. ಧಾಟಿ ಹೊಸದಲ್ಲ, ಸನ್ನಿ ಬಾಯ್ ವಿಲಿಯಮ್ಸನ್ 1937ರಲ್ಲಿ ಹಾಡಿದ 'ಗುಡ್ ಮಾರ್ನಿಂಗ್, ಸ್ಕೂಲ್ ಗರ್ಲ್'ನಿಂದ ತೆಗೆದುಕೊಂಡದ್ದು. ಆದರೆ ಅಲ್ಲಿ ಹಿಂದೆ ಬೀಳುವವನು ಗಂಡಸು. ಇಲ್ಲಿ ಕಾರು ಕೊಡಿಸಿ ಡ್ರೈವರ್ ಇಟ್ಟುಕೊಳ್ಳುವವಳು ಹೆಂಗಸು, ಬೇರೆ ಹುಡುಗಿಯರನ್ನು ಹತ್ತಿಸಿಕೊಂಡರೆ ನೋಡು ಅಂತ ಗದರಿಸುವವಳೂ ಅವಳೇ. ಸನ್ ಜೋ ಹಿಂದೆ ಒಂದೇ ಸಮ ತಾಳ ಹಿಡಿದಿರುತ್ತಾನೆ. ಮಿನ್ನಿ ಸಾಲು ಹಾಡಿ ಬಿಟ್ಟ ಜಾಗಕ್ಕೆ ಒಂಟಿ ತಂತಿಯಲ್ಲಿ ಉತ್ತರ ಕೊಡುತ್ತಾಳೆ, ಕೆಲವು ಕಡೆ ಮೂರೇ ಮೂರು ಸ್ವರ, ಅಷ್ಟರಲ್ಲೇ ಕೆಲಸ ಮುಗಿದಿರುತ್ತದೆ. ಅಮೆರಿಕದ ರಾಕ್ ತಂಡ ಜೆಫರ್ಸನ್ ಏರ್‌ಪ್ಲೇನ್ 1966ರ ತನ್ನ ಮೊದಲ ಆಲ್ಬಮ್ಮಿನಲ್ಲೇ ಇದನ್ನು ಹಾಡಿತು.

ಕೊನೆಗೆ ಅದೇ ಹಾಡನ್ನು 1952ರಲ್ಲಿ ಚೆಕರ್ ಕಂಪನಿಗೆ ಅವಳೇ ಮತ್ತೆ ರೆಕಾರ್ಡ್ ಮಾಡಿದ್ದಾಳೆ, ಅದನ್ನೂ ಹಾಕಿಕೊಳ್ಳಿ. ಮಡ್ಡಿ ವಾಟರ್ಸ್‌ನ ರೆಕಾರ್ಡು ಬರುತ್ತಿದ್ದ ಚೆಸ್ ಕಂಪನಿಯದೇ ಇನ್ನೊಂದು ಲೇಬಲ್ ಅದು. ಆಗ ಅವಳಿಗೆ 55 ವರ್ಷ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, 1941ರದ್ದು ಮೊದಲು. ಕೇಳಿ ಬಂದು ಇಲ್ಲೇ ಬರೆಯಿರಿ, ಸ್ಕಿಪ್ ಜೇಮ್ಸ್ ಬಗ್ಗೆಯೂ ಆಗ ಮಾತಾಡೋಣ.